1.7 ಅಂದರೆ ಫೇಲ್ ಅಲ್ಲ ಸಾರ್

ಎಕ್ಸ್‌ಚೇಂಜ್ ಸೆಮಿಸ್ಟರಿಗೆ ಜರ್ಮನಿಗೆ ಹೊರಟವರಿಗೆ ಜಾಕೆಟ್ ಎಲ್ಲಿ ಕೊಳ್ಳಬೇಕು, ಸಾರಿನ ಪುಡಿ ಎಷ್ಟು ಒಯ್ಯಬೇಕು ಎಂದು ಹೇಳಲು ನೂರು ಜನ ಇದ್ದಾರೆ. ವಾಪಸ್ ಬಂದ ಮೇಲೆ ಪರೀಕ್ಷಾ ವಿಭಾಗದ ಕೌಂಟರಿನಲ್ಲಿ ಏನಾಗುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ನಾನು ಮೆಕ್ಯಾನಿಕಲ್ ಏಳನೇ ಸೆಮಿಸ್ಟರ್ ಓದಿದ್ದು ಡ್ರೆಸ್ಡೆನ್‌ನಲ್ಲಿ, 2023ರ ಅಕ್ಟೋಬರಿನಿಂದ. ಫೀಸು ಬೆಂಗಳೂರಿನ ಕಾಲೇಜಿಗೇ ಕಟ್ಟಿದ್ದೆ. ಅಲ್ಲಿ ಕೊಟ್ಟದ್ದು ಸೆಮಿಸ್ಟರ್ ವಂತಿಗೆಯಷ್ಟೇ, ಟ್ರಾಮ್ ಪಾಸು ಅದರಲ್ಲೇ ಬಂತು. ಆದರೆ ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ತಿಂಗಳಿಗೆ 934 ಯೂರೋ ಲೆಕ್ಕದಲ್ಲಿ ಹಣ ಇಟ್ಟು ತೋರಿಸಬೇಕಿತ್ತು. ಅಪ್ಪನ ಆ ವರ್ಷದ ಅಡಿಕೆ ದುಡ್ಡು ಅಲ್ಲಿಗೆ ಹೋಯಿತು. "ಆರು ತಿಂಗಳ ಮೋಜಿಗೆ ಇಷ್ಟೆಲ್ಲ ಎಂತಕ್ಕೆ?" ಎಂದು ದೊಡ್ಡಪ್ಪ ತೀರ್ಥಹಳ್ಳಿಯ ಅರ್ಧ ಊರಿಗೆ ಕೇಳುವಂತೆ ಕೇಳಿದ್ದರು.

ಮೋಜು! ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಭಾನುವಾರ ಹಾಲು ಬೇಕೆಂದರೂ ಅಂಗಡಿ ಇಲ್ಲ. ಮನೆ ಸೇರಿದ ಎರಡು ವಾರದೊಳಗೆ ಮನೆ ಮಾಲೀಕರ ಪತ್ರ ಹಿಡಿದು ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಒಂದು ಸಹಿ ಇಲ್ಲವೆಂದು ನನ್ನನ್ನು ವಾಪಸ್ ಕಳಿಸಿದ ಆ ಹೆಂಗಸು ಮುಖದಲ್ಲಿ ಒಂದಿಷ್ಟೂ ನಗು ತೋರಿಸಲಿಲ್ಲ. ಆದರೆ ಯಾವ ಕಾಗದ ಬೇಕು, ಯಾಕೆ ಬೇಕು ಎಂಬುದನ್ನು ಬರೆದು ಕೈಗೆ ಕೊಟ್ಟಳು. ಅವತ್ತು ಸಿಟ್ಟು ಬಂದಿತ್ತು. ಈಗ ಆ ಚೀಟಿಯ ಬೆಲೆ ಗೊತ್ತಾಗಿದೆ.

ಹೀಟ್ ಟ್ರಾನ್ಸ್‌ಫರ್ ಕ್ಲಾಸಿನಲ್ಲಿ ಒಬ್ಬ ಹುಡುಗ ಪ್ರೊಫೆಸರಿಗೆ "ಎರಡನೇ ಸಾಲಿನಲ್ಲಿ ಮೈನಸ್ ಬಿಟ್ಟಿದ್ದೀರಿ" ಎಂದ. ಅವರು ತಿರುಗಿ ನೋಡಿದರು, ಥ್ಯಾಂಕ್ಸ್ ಎಂದು ಸರಿಮಾಡಿ ಮುಂದೆ ಹೋದರು. ನಮ್ಮಲ್ಲಾದರೆ ಇಂಥ ಮಾತು ಕ್ಯಾಂಟೀನಿನಲ್ಲಿ ಆಗುತ್ತದೆ, ಅದೂ ಪಿಸುದನಿಯಲ್ಲಿ. ಜನವರಿ ಹೊತ್ತಿಗೆ ನಾನೂ ಕೈ ಎತ್ತತೊಡಗಿದ್ದೆ. ಮೊದಲ ಸಲ ಎದೆ ಡವಗುಟ್ಟಿತು, ಆಮೇಲೆ ಅಭ್ಯಾಸವಾಯಿತು.

ಆ ಅಭ್ಯಾಸ ನನ್ನ ಜೊತೆಗೇ ವಿಮಾನ ಹತ್ತಿ ಬೆಂಗಳೂರಿಗೆ ಬಂತು.

ನಾನು ಅಂಕಪಟ್ಟಿ ಕೊಡಲು ಹೋದ ದಿನ, ಹಾಸ್ಟೆಲಿನ ಸಾಮಾನು ಸಾಗಿಸಲು ಬಂದಿದ್ದ ಅಪ್ಪನೂ ಪರೀಕ್ಷಾ ವಿಭಾಗದ ಕೌಂಟರ್ ಹತ್ತಿರವೇ ನಿಂತಿದ್ದರು. ಗುಮಾಸ್ತರು ನನ್ನ ಅಂಕಪಟ್ಟಿ ನೋಡಿ 1.7 ಎಂದು ಟೈಪ್ ಮಾಡಿದರು. ಹತ್ತರ ಲೆಕ್ಕದ ಕಂಪ್ಯೂಟರ್ ಪಕ್ಕದಲ್ಲೇ ಎಫ್ ತೋರಿಸಿತು. "ಏನಮ್ಮಾ, ಅಷ್ಟು ದೂರ ಹೋಗಿ ಫೇಲಾಗಿ ಬಂದಿದ್ದೀಯಾ?" ಅವರು ಮೆಲ್ಲಗೇನೂ ಕೇಳಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿದರು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು, ಅಂಕಪಟ್ಟಿಯ ಹಿಂಬದಿಯಲ್ಲೇ ಅಚ್ಚಾಗಿದೆ, ತೋರಿಸಿದೆ. ಅವರು ತಿರುಗಿಸಿ ನೋಡಲಿಲ್ಲ. "ಎಚ್‌ಓಡಿ ಹತ್ತಿರ ಹೋಗು."

ಹೋದೆವು. ಎಚ್‌ಓಡಿ ಪೂರ್ತಿ ಕೇಳುವ ಮೊದಲೇ, "ಸಿಸ್ಟಮ್ ತಗೊಳ್ಳಲ್ಲ ಅಂದ್ರೆ ತಗೊಳ್ಳಲ್ಲ, ಸಪ್ಲಿಮೆಂಟರಿ ಬರಿ" ಎಂದರು. ಬರೆದು ಪಾಸಾದ ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಬೇಕಂತೆ! "ಯಾವ ನಿಯಮದ ಪ್ರಕಾರ ಅಂತ ಬರೆದುಕೊಡಿ ಸಾರ್" ಎಂದೆ. ದನಿ ಏರಿಸಲಿಲ್ಲ, ಡ್ರೆಸ್ಡೆನ್‌ನಲ್ಲಿ ಕೇಳುತ್ತಿದ್ದ ಹಾಗೇ ಕೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನಲ್ಲ, ಅಪ್ಪನನ್ನು ನೋಡಿದರು. ಅಪ್ಪ ಎದ್ದು ಕೈಮುಗಿದು, "ತಪ್ಪು ತಿಳ್ಕೋಬೇಡಿ ಸಾರ್, ಹುಡುಗಿಗೆ ಗೊತ್ತಾಗಲ್ಲ" ಎಂದರು. ನನಗೆ ಮೆಲ್ಲಗೆ, "ಬಿಡು ಮಾರಾಯ್ತಿ, ಇನ್ನೊಂದ್ಸಲ ಬರೆದರಾಯ್ತು." ಅಡಿಕೆ ಮಾರಿ ಕಳಿಸಿದವರು ಅವರು. ನಾನು ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಆದರೆ ಸಪ್ಲಿಮೆಂಟರಿ ಬರೆಯಲಿಲ್ಲ. ವಿದೇಶದ ಅಂಕಗಳನ್ನು ತಮ್ಮ ಲೆಕ್ಕಕ್ಕೆ ತರಲು ಜರ್ಮನರು ಬಳಸುವ ಬವೇರಿಯನ್ ಸೂತ್ರ ಎಂಬುದೊಂದಿದೆ. ಗರಿಷ್ಠ ಅಂಕ, ಪಾಸಿಗೆ ಬೇಕಾದ ಕನಿಷ್ಠ ಅಂಕ, ನಮ್ಮ ಅಂಕ, ಈ ಮೂರನ್ನು ಹಾಕಿದರೆ ಉತ್ತರ ಬರುತ್ತದೆ. ನಮ್ಮಲ್ಲಿ ಗರಿಷ್ಠ 10, ಪಾಸಿಗೆ 4. ಸೂತ್ರವನ್ನು ತಿರುಗುಮುರುಗು ಮಾಡಿದರೆ 1.7 ಅಂದರೆ 8.6. ಲೆಕ್ಕವನ್ನು ಒಂದೇ ಪುಟದಲ್ಲಿ ಬರೆದು ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟೆ, ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಫಲಿತಾಂಶ ತಿದ್ದುವಷ್ಟರಲ್ಲಿ ಬ್ಯಾಕ್‌ಲಾಗ್ ಇದ್ದವರು ಬರಬಾರದೆಂದಿದ್ದ ಒಂದು ಕಂಪನಿ ಕ್ಯಾಂಪಸ್ಸಿಗೆ ಬಂದು ಹೋಗಿತ್ತು. ಆ ನಷ್ಟ ಯಾರ ಲೆಕ್ಕಕ್ಕೆ?

ಅಡುಗೆ ಕಲಿತೆ, ನಾಲ್ಕು ಜರ್ಮನ್ ಮಾತು ಕಲಿತೆ, ಒಬ್ಬಳೇ ರೈಲು ಹತ್ತಲು ಕಲಿತೆ. ಇದನ್ನೆಲ್ಲ ನೆಂಟರು ಮೆಚ್ಚಿದರು. ಕೇಳಬೇಕಾದ್ದನ್ನು ಕೇಳಲು ಕಲಿತದ್ದು ಮಾತ್ರ ಯಾರಿಗೂ ಹಿಡಿಸಲಿಲ್ಲ. "ಫಾರಿನ್ನಿಗೆ ಹೋಗಿ ಬಾಯಿ ಬೆಳೆಸಿಕೊಂಡು ಬಂದಿದ್ದಾಳೆ" ಎಂಬುದು ದೊಡ್ಡಪ್ಪನ ತೀರ್ಪು. ಹೌದು, ಬೆಳೆದಿದೆ.

ಹೋಗುವವರು ಇಷ್ಟು ಮಾಡಿ. ಲರ್ನಿಂಗ್ ಅಗ್ರಿಮೆಂಟಿನಲ್ಲಿ ಅಲ್ಲಿನ ಪ್ರತಿ ಕೋರ್ಸಿನ ಎದುರು ಇಲ್ಲಿನ ಕೋರ್ಸ್ ಕೋಡ್ ಬರೆಸಿ. ಗ್ರೇಡ್ ಹೇಗೆ ಬದಲಿಸುತ್ತಾರೆ ಎಂಬುದಕ್ಕೆ ಎಚ್‌ಓಡಿ ಮಾತ್ರವಲ್ಲ, ಪರೀಕ್ಷಾ ವಿಭಾಗದ ಸಹಿಯನ್ನೂ ಹೊರಡುವ ಮೊದಲೇ ಹಾಕಿಸಿ. ಅಲ್ಲಿ ಸೆಮಿಸ್ಟರಿಗೆ 30 ಕ್ರೆಡಿಟ್ ಲೆಕ್ಕ, ಇಲ್ಲಿನದು ಬೇರೆ; ಅದನ್ನೂ ಅದೇ ಕಾಗದದಲ್ಲಿ ಬರೆಸಿ. ವಾಪಸ್ ಬಂದು ಕೌಂಟರಿಗೆ ಹೋಗುವಾಗ ಅಪ್ಪನನ್ನು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತಿರಲು ಹೇಳಿ. ಅವರು ಬಂದರೆ ಸಾರ್ ಪರವೇ ಮಾತಾಡುತ್ತಾರೆ.