ಪೇಟಿಗೆ ಪೌತಿ ಖಾತೆ ಇಲ್ಲ

ಹೊಲ ಬಿಟ್ಟು ಹೋದವರ ಮಕ್ಕಳಿಗೆ ದಾರಿ ಗೊತ್ತಿರುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ನಾಡಕಚೇರಿಗೆ ಒಂದು ಅರ್ಜಿ, ಆಮೇಲೆ ಪೌತಿ ಖಾತೆ. ಬ್ಯಾಂಕಿನ ದುಡ್ಡಿಗೆ ನಾಮಿನಿ ಇರುತ್ತಾರೆ. ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ಬಿಟ್ಟು ಹೋದವರ ಮನೆಯಲ್ಲಿ ಇದ್ಯಾವುದೂ ಇಲ್ಲ. ಹಳೇ ಸೀರೆ ಸುತ್ತಿ ಅಟ್ಟಕ್ಕೆ ಏರಿಸುತ್ತಾರೆ, ಆಯುಧಪೂಜೆಗೆ ಇಳಿಸಿ ಕುಂಕುಮ ಹಚ್ಚುತ್ತಾರೆ, ಮತ್ತೆ ಏರಿಸುತ್ತಾರೆ. ಅಲ್ಲಿಗೆ ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತದೆ.

ನಮ್ಮಪ್ಪ ತೆಕ್ಕಲಕೋಟೆಯಲ್ಲಿ ಭತ್ತ ಬೆಳೆಯುತ್ತಿದ್ದ ರೈತರು, ಸುಗ್ಗಿ ಮುಗಿದರೆ ಪೇಟಿ ಮಾಸ್ತರರು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಹಾಕುವ ಹುಡುಗರಿಗೆ ಮಾತು, ಹಾಡು ಕಲಿಸಿ, ಆಟದ ರಾತ್ರಿ ಕಾಲುಪೇಟಿ ತುಳಿದು ನುಡಿಸಿ ಬೆಳಗಿನ ಬಸ್ಸಿಗೆ ಊರಿಗೆ ಬರುತ್ತಿದ್ದರು. ಬಳ್ಳಾರಿ ರಾಘವ, ಸುಭದ್ರಮ್ಮ ಮನ್ಸೂರು ಅವರಂಥವರ ನೆಲ ಇದು. ನಾಟಕಕ್ಕೆ ಇಲ್ಲಿ ಬರ ಬಂದದ್ದಿಲ್ಲ. ಅದರಲ್ಲೂ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಮ್ಮ ಮನೆಗೆ ಒಂದು ಬೆಳೆ ಇದ್ದ ಹಾಗೆ. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಅದರ ಹೆಸರು ಮೇಲಿಂದ ಮೇಲೆ ಬರುತ್ತದೆ: ‘ರಕ್ತರಾತ್ರಿ, ಮುಂಗಡ 500, ಭತ್ತ 2 ಚೀಲ, ಬಾಕಿ.’ ಆ ‘ಬಾಕಿ’ಯ ಮುಂದೆ ಎಷ್ಟೋ ಕಡೆ ಏನೂ ಬರೆದಿಲ್ಲ. ಸತ್ತವರಿಗೆ ಬರಬೇಕಾದ ಸಾಲವೂ ವಾರಸುದಾರರದ್ದೇ. ಆದರೆ ಸಾಮಾನ್ಯವಾಗಿ ಮೂರು ವರ್ಷ ದಾಟಿದರೆ ಕೋರ್ಟಿನಲ್ಲಿ ಕೇಳುವ ಹಾಗಿಲ್ಲ. ಕೇಳುವ ಮನಸ್ಸೂ ನಮಗಿರಲಿಲ್ಲ.

ಪೇಟಿಯ ವಿಷಯ ಬೇರೆ. ಅಪ್ಪ ತೀರಿದ ವರ್ಷ ತುಂಬುವ ಮೊದಲೇ ಪಟ್ಟಣದ ವ್ಯಾಪಾರಿಯೊಬ್ಬರು ಮನೆಗೆ ಬಂದು, ಮುಚ್ಚಳ ಕೂಡ ತೆಗೆಯದೆ, ‘ಹಳೇ ಮರ, ಎಂಟು ಸಾವಿರ ಕೊಡ್ತೀನಿ’ ಎಂದರು. ಅವ್ವ ಚಹಾ ಕೊಟ್ಟು ಕಳಿಸಿದಳು. ಆಮೇಲೆ ಅಪ್ಪನ ಪೇಟಿಯನ್ನೇ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರನ್ನು ಕರೆಸಿದೆವು. ಅವರು ಸ್ಕ್ರೂ ಬಿಚ್ಚಿ ಒಳಹಲಗೆ ಎತ್ತಿದರು. ಸಾಲಾಗಿ ಕೂತ ಹಿತ್ತಾಳೆ ರೀಡುಗಳು, ಒಂದೊಂದಕ್ಕೂ ಒಂದು ತೆಳು ನಾಲಿಗೆ. ಕೆಲವು ನಾಲಿಗೆಗಳ ತುದಿ ಹೊಳೆಯುತ್ತಿತ್ತು. ‘ಇಲ್ಲಿ ನೋಡ್ರಿ, ಕೆರೆದ ಗುರುತು’ ಎಂದು ತೋರಿಸಿದರು. ಸ್ವರ ಇಳಿದಿದ್ದರೆ ತುದಿಯನ್ನು ಕೆರೆದು ಏರಿಸುತ್ತಾರೆ, ಏರಿದ್ದರೆ ಬುಡವನ್ನು ಕೆರೆದು ಇಳಿಸುತ್ತಾರೆ. ಪ್ರತಿ ಸಲ ಕೆರೆದಾಗಲೂ ಲೋಹ ಸವೆಯುತ್ತದೆ. ಬಹಳ ಸಲ ಕೆರೆಸಿಕೊಂಡ ನಾಲಿಗೆ ಒಂದು ದಿನ ಆಟದ ನಡುವೆಯೇ ಮುರಿಯುತ್ತದೆ. ನಮ್ಮದರಲ್ಲಿ ಹೆಚ್ಚಿನವು ಇನ್ನೂ ಗಟ್ಟಿ ಇದ್ದವು, ಅವು ಜರ್ಮನಿಯಿಂದ ಬಂದ ಕಾಲದವು. ತಿದಿಯ ಚರ್ಮ ಮಾತ್ರ ಮೂಲೆಯಲ್ಲಿ ತೂತು. ಭತ್ತ ಇರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ, ಇಲಿಗೆ ಚರ್ಮವೂ ಆದೀತು. ರಿಪೇರಿ ಖರ್ಚು ಕಳೆದು ಅವರು ಹೇಳಿದ ಬೆಲೆ 24,000.

ಪೇಟಿ ಕೊಳ್ಳುವವರು, ಮಾರುವವರು ಇಬ್ಬರೂ ತಿಳಿಯಬೇಕಾದ್ದು ಇಲ್ಲಿದೆ. ಹಳೆಯದಾದಷ್ಟೂ ಬೆಲೆ ಏರುತ್ತದೆ ಎನ್ನುವ ಮಾತು ಪಿಟೀಲಿಗೆ ಸಲ್ಲುತ್ತದೆ. 1721ರಲ್ಲಿ ಸ್ಟ್ರಾಡಿವೇರಿ ಮಾಡಿದ ‘ಲೇಡಿ ಬ್ಲಂಟ್’ ಪಿಟೀಲು 2011ರ ಹರಾಜಿನಲ್ಲಿ ಸುಮಾರು 1.59 ಕೋಟಿ ಡಾಲರಿಗೆ ಹೋಯಿತು. ಹಾರ್ಮೋನಿಯಂ ಆ ಜಾತಿಯದಲ್ಲ. ಅದರ ಜೀವ ಇರುವುದು ಸವೆಯುವ ಲೋಹದಲ್ಲಿ. ಮೇಲಾಗಿ ಅದಕ್ಕೆ ದೊಡ್ಡವರ ಮನೆಯ ಮರ್ಯಾದೆಯೂ ತಡವಾಗಿ ಸಿಕ್ಕಿತು. ಆಕಾಶವಾಣಿ 1940ರಿಂದ ಮೂವತ್ತು ವರ್ಷ ಅದನ್ನು ಹೊರಗೇ ಇಟ್ಟಿತ್ತು. ಸಾಧಾರಣ ಕೈಪೇಟಿ ಹೊಸದೇ 15,000ದ ಆಚೀಚೆ ಸಿಗುವಾಗ ‘ಅಜ್ಜನ ಕಾಲದ್ದು’ ಎಂಬ ಒಂದೇ ಮಾತಿಗೆ ಯಾರೂ ಲಕ್ಷ ಕೊಡುವುದಿಲ್ಲ. ಒಳಗಿನ ರೀಡು ನೋಡಿ ಕೊಡುತ್ತಾರೆ. ಆದ್ದರಿಂದ ಅಟ್ಟದ ಮೇಲೆ ಇಟ್ಟ ಪೇಟಿಯನ್ನು ಹೂಡಿಕೆ ಎಂದು ಕರೆಯಬೇಡಿ. ಒಂದು ಎಚ್ಚರಿಕೆ: ತೀರಾ ಹಳೆಯ ವಿದೇಶಿ ಪೇಟಿಗಳ ಬಿಳಿ ಕೀಗಳಿಗೆ ಆನೆದಂತ ಹೊದಿಸಿದ್ದುಂಟು. ದಂತದ ಮಾರಾಟ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಇನ್ನು ಯಾರಿಗೆ ಎಂಬ ಪ್ರಶ್ನೆ. ನಮ್ಮ ಕಡೆ ಉತ್ತರ ಮೊದಲೇ ಸಿದ್ಧವಿರುತ್ತದೆ: ಗಂಡುಮಗನಿಗೆ. ಬಂದ ನೆಂಟರೆಲ್ಲ ನನ್ನನ್ನೂ ತಮ್ಮನನ್ನೂ ನೋಡಿಯೇ ಮಾತಾಡಿದರು. ನಮಗಿಬ್ಬರಿಗೂ ಸ-ಪ ಹಿಡಿಯಲು ಬಾರದು. ಅಪ್ಪನ ಹತ್ತಿರ ಕೂತು ಕಲಿತವಳು ಅಕ್ಕ. ಮದುವೆಯಾಗಿ ಸಿರುಗುಪ್ಪಕ್ಕೆ ಹೋದ ಮೇಲೂ ಭಜನೆಗೆ ನುಡಿಸುವುದನ್ನು ಬಿಟ್ಟವಳಲ್ಲ. ಕಾನೂನು ನೆಂಟರಿಗಿಂತ ಮುಂದಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ಸೊತ್ತಿನಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಹೊಲಕ್ಕೆ ಇದನ್ನು ಈಗ ಎಲ್ಲರೂ ಒಪ್ಪುತ್ತಾರೆ, ಮನೆಯೊಳಗಿನ ಸಾಮಾನಿಗೆ ಯಾರೂ ನೆನೆಯುವುದಿಲ್ಲ.

ಅಜ್ಜಿ ಇರಲಿಲ್ಲವಾಗಿ ನಾವು ನಾಲ್ವರು, ಒಬ್ಬೊಬ್ಬರಿಗೆ 6,000. ಅವ್ವ, ‘ನನ್ನ ಪಾಲು ಅಕಿಗೆ ಇರಲಿ, ಅಕಿ ಬಾರಿಸಿದ್ರೆ ನಾನು ಕೇಳ್ತೀನಿ’ ಎಂದಳು. ನಾನೂ ಬಿಟ್ಟೆ. ತಮ್ಮ ಬಿಡಲಿಲ್ಲ. ಅವನು ಜಿಪುಣ ಎಂದು ತಿಳಿಯಬೇಡಿ. ಅವನ ಕೈ ಆಗ ಬಿಗಿ ಇತ್ತು, ಬಾಯಿಬಿಟ್ಟು ಹೇಳಿದ. ಒಳಗೊಳಗೇ ಮುನಿಸು ಇಟ್ಟುಕೊಂಡು ಹತ್ತು ವರ್ಷದ ಮೇಲೆ ಹೊಲ ಅಳೆಯುವಾಗ ತೆಗೆಯುವುದಕ್ಕಿಂತ ಇದು ಸಾವಿರ ಪಾಲು ವಾಸಿ. ಅಕ್ಕ ಅವನ ಆರು ಸಾವಿರವನ್ನು ಕಂತಿನಲ್ಲಿ ತೀರಿಸುವುದೆಂದು ಪಾಲುಪಟ್ಟಿ ಬರೆದು ನಾಲ್ವರೂ ಸಹಿ ಹಾಕಿದೆವು. ಸ್ಥಿರಾಸ್ತಿ ಅಲ್ಲವಾದ್ದರಿಂದ ಇಂಥ ಚೀಟಿಗೆ ಸಬ್‌ರಿಜಿಸ್ಟ್ರಾರ್ ಕಚೇರಿ ಹತ್ತಬೇಕಿಲ್ಲ.

ಅಕ್ಕನ ಮನೆಯ ಪಡಸಾಲೆಯಲ್ಲಿ ಈಗ ಸಂಜೆ ಮಕ್ಕಳು ಪೇಟಿ ಕಲಿಯುತ್ತವೆ. ತಮ್ಮನ ಕಂತು ಮಕ್ಕಳ ಫೀಜಿನಲ್ಲೇ ತೀರಿತು. ಎಂಟು ಸಾವಿರಕ್ಕೆ ಹೋಗಬೇಕಿದ್ದ ಪೇಟಿ ಪ್ರತಿ ತಿಂಗಳು ದುಡಿಯುತ್ತಿದೆ. ನಾಟಕದ ಹುಡುಗರು ಬಾಡಿಗೆಗೆ ಕೇಳುತ್ತಾರೆ. ‘ನುಡಿಸೋಕೆ ನಾನು ಬಂದರೆ ಪೇಟಿ ಬರುತ್ತೆ, ಪೇಟಿ ಒಂದನ್ನೇ ಕಳಿಸೋದಿಲ್ಲ’ ಎಂಬುದು ಅವಳ ಕರಾರು. ತಿದಿ ಹರಿದರೆ ರಿಪೇರಿ ಯಾರ ಮೇಲೆ ಬೀಳುತ್ತದೆ ಎಂದು ಬಲ್ಲವಳ ಮಾತು.

ತೆರಿಗೆಯ ಭಯ ಬೇಡ. ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು, ವಾರಸಿನಿಂದ ಬಂದದ್ದಕ್ಕೆ ಆದಾಯ ತೆರಿಗೆ ಇಲ್ಲ. ಸ್ವಂತ ಬಳಕೆಗೆ ಇಟ್ಟುಕೊಂಡ ವಾದ್ಯವನ್ನು ಮಾರಿದರೂ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ, ಒಡವೆ, ಚಿತ್ರ, ಶಿಲ್ಪಗಳಂಥವಕ್ಕೆ ಆ ವಿನಾಯಿತಿ ಇಲ್ಲ. ಪಾಠದ ಫೀಜು ಮಾತ್ರ ಆದಾಯವೇ; ಲೆಕ್ಕ ಇಡಬೇಕು.

ಮನೆಯಲ್ಲಿ ನುಡಿಸುವವರೇ ಇಲ್ಲದಿದ್ದರೆ? ಬೇಗ ಮಾರಿ. ಇಲಿ ಕಡಿಯುವ ಮೊದಲು, ಒಳಗೆ ತೆಗೆದು ನೋಡಬಲ್ಲವರಿಗೆ ತೋರಿಸಿ, ನುಡಿಸುವವರ ಕೈಗೇ ಮಾರಿ. ಅಥವಾ ಊರಿನ ಭಜನಾ ಮಂಡಳಿಗೆ ಕೊಡಿ. ನೆನಪಿಗೆಂದು ಇಟ್ಟುಕೊಳ್ಳುವುದಾದರೆ ಅಪ್ಪನ ಲೆಕ್ಕದ ಪುಸ್ತಕ ಇಟ್ಟುಕೊಳ್ಳಿ, ಅದಕ್ಕೆ ರಿಪೇರಿ ಇಲ್ಲ. ನಮ್ಮ ಮನೆಯಲ್ಲಿ ಅದು ನನ್ನ ಪಾಲಿಗೆ ಬಂದಿದೆ.

ಅಪ್ಪನೋ ಅವ್ವನೋ ಇನ್ನೂ ನುಡಿಸುತ್ತಿದ್ದಾರೆ ಎನ್ನುವ ಅದೃಷ್ಟವಂತರು ಈ ದೀಪಾವಳಿಗೆ ಊರಿಗೆ ಹೋದಾಗ ಕೇಳಿಬಿಡಿ, ಇದು ಯಾರಿಗೆ ಎಂದು. ಅವರ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿ, ಪಾಲು ಪಡೆಯದ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿಸಿ, ಆ ಇಬ್ಬರ ಸಹಿಯನ್ನೂ ತೆಗೆದುಕೊಳ್ಳಿ. ವಿಲ್‌ಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ.