ದಿವಾಳಿ ಮತ್ತು ಜಾಮೀನು

ನಮ್ಮಲ್ಲಿ ‘ಪಾಪರಾದವನು’ ಎಂಬುದು ನಿಂದೆಯ ಮಾತು. ಕಾಯಿದೆಗೆ ಅದು ಪ್ರಾಮಾಣಿಕ ಸಾಲಗಾರನ ಬಿಡುಗಡೆಯ ದಾರಿ. 2016ರ ದಿವಾಳಿ ಸಂಹಿತೆ ಬಂದಿದ್ದರೂ ಜನಸಾಮಾನ್ಯರ ಸಾಲಕ್ಕೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ಅನ್ವಯ. ತೀರಿಸಲಾಗದ ಸಾಲ 500 ರೂಪಾಯಿ ಮುಟ್ಟಿದರೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆಸ್ತಿಯನ್ನೂ ಸಾಲವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ದಿವಾಳಿಯೆಂದು ತೀರ್ಮಾನವಾದರೆ ಆಸ್ತಿ ಕೈಬಿಡುತ್ತದೆ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಕಸುಬಿನ ಹತ್ಯಾರುಗಳು ಉಳಿಯುತ್ತವೆ. ಋಣಮುಕ್ತಿಯ ಆಜ್ಞೆಯನ್ನು ಬೇರೆಯಾಗಿ ಬೇಡಿ ಪಡೆಯಬೇಕು. ಆಗಲೂ ಸರಕಾರದ ಬಾಕಿ, ವಂಚನೆಯಿಂದಾದ ಸಾಲ ಅಳಿಯವು.

ಮುಖ್ಯವಾದದ್ದು 44ನೆಯ ಕಲಮು: ಸಾಲಗಾರ ಮುಕ್ತನಾದರೂ ಅವನ ಜಾಮೀನುದಾರ ಮುಕ್ತನಾಗನು. ಬೆಳ್ತಂಗಡಿಯಂಥ ಊರುಗಳಲ್ಲಿ ಸಹಕಾರಿ ಸಂಘದ ಸಾಲಕ್ಕೆ ನೆರೆಯವನಿಗಾಗಿ ರುಜು ಹಾಕುವ ನಾವು ಇದನ್ನರಿತಿರಬೇಕು. ಅರ್ಜಿ ಹಾಕುವವನು ವಕೀಲರಿಗಿಂತ ಮೊದಲು ತನ್ನ ಜಾಮೀನುದಾರನಿಗೆ ವಿಷಯ ತಿಳಿಸುವುದು ಧರ್ಮವೆಂದು ನನ್ನ ಅಭಿಪ್ರಾಯ.