ಬೇಲಿಯ ಕಾಡುಹರಳು

ಹಾನಗಲ್ಲಿನ ಭತ್ತದ ಗದ್ದೆಗಳಿಂದ ಶಿಗ್ಗಾಂವಿ, ಸವಣೂರುಗಳನ್ನು ಹಾಯ್ದು ಹಿರೇಕೆರೂರಿನ ಗೋವಿನಜೋಳದ ಹೊಲಗಳವರೆಗೆ ಬೇಲಿಗುಂಟ ಕಾಣಸಿಗುವ ಪೊದೆಗಳಲ್ಲಿ ಕಾಡುಹರಳೂ ಒಂದು. ಕೆಲವರು ಇದನ್ನು ಮರಹರಳೆಂದೂ ಕರೆಯುವರು. ದನ ಇದನ್ನು ಮೇಯದು, ಆಡೂ ಬಾಯಿ ಹಾಕದು. ಟೊಂಗೆ ಕಡಿದು ನೆಟ್ಟರೆ ಮಳೆಗಾಲದಲ್ಲಿ ತಾನೇ ಬೇರು ಬಿಡುತ್ತದೆ. ರೈತನಿಗೆ ಇದಕ್ಕಿಂತ ಅಗ್ಗದ ಬೇಲಿ ಇನ್ನಾವುದು?

ಸಸ್ಯಶಾಸ್ತ್ರಜ್ಞರು ಇದನ್ನು ಜಟ್ರೋಫಾ ಕುಲಕ್ಕೆ ಸೇರಿಸಿರುವರು. ಔಡಲ, ಮರಗೆಣಸು, ರಬ್ಬರ್ ಇವು ಇದರ ದಾಯಾದಿಗಳು. 1753ರಲ್ಲಿ ಲಿನೀಯಸನು ಬಳಸಿದ ಈ ಕುಲನಾಮವು ಗ್ರೀಕ್ ಭಾಷೆಯ ‘ವೈದ್ಯ’, ‘ಆಹಾರ’ ಎಂಬ ಪದಗಳಿಂದ ಬಂದಿದೆ. ಬೀಜದ ಮಟ್ಟಿಗೆ ಈ ಹೆಸರು ದಾರಿ ತಪ್ಪಿಸುವಂಥದು. ಒಂದೇ ಗೊಂಚಲಿನಲ್ಲಿ ಗಂಡು ಹೂಗಳೂ ಹೆಣ್ಣು ಹೂಗಳೂ ಬೇರೆಬೇರೆಯಾಗಿ ಅರಳುತ್ತವೆ. ಹೆಣ್ಣು ಹೂಗಳು ತೀರ ವಿರಳ. ಹಳದಿಗೆ ತಿರುಗಿ ಒಣಗುವ ಕಾಯಿಯೊಳಗೆ ಸಾಮಾನ್ಯವಾಗಿ ಮೂರು ಕಪ್ಪು ಬೀಜಗಳಿರುತ್ತವೆ.

ಇದರ ತವರು ಮೆಕ್ಸಿಕೋ ಹಾಗೂ ಮಧ್ಯ ಅಮೆರಿಕ. ಪೋರ್ಚುಗೀಸರ ಹಡಗುಗಳೊಡನೆ ಇದು ಪೂರ್ವದ ದೇಶಗಳಿಗೆ ಹಬ್ಬಿತೆನ್ನುವರು. ಸವಣೂರಿನ ದೊಡ್ಡಹುಣಸೆ ಕಲ್ಮಠದ ದೈತ್ಯವೃಕ್ಷಗಳೂ ಆಫ್ರಿಕ ಮೂಲದವೇ; ಅವನ್ನು ಕಾಣಲು ಜನ ದೂರದಿಂದ ಬರುವರು, ಬೇಲಿಯ ಈ ಪರದೇಶಿಯನ್ನು ಮಾತ್ರ ಯಾರೂ ತಿರುಗಿ ನೋಡರು.

ಒಮ್ಮೆ ಮಾತ್ರ ಸರಕಾರವೇ ತಿರುಗಿ ನೋಡಿತು. ಬೀಜದ ಎಣ್ಣೆಯಿಂದ ಡೀಸೆಲ್ ಪಡೆಯಬಹುದೆಂದು 2003ರಲ್ಲಿ ಯೋಜನಾ ಆಯೋಗದ ಸಮಿತಿಯು ವ್ಯಾಪಕ ಬೇಸಾಯಕ್ಕೆ ಶಿಫಾರಸು ಮಾಡಿತು. 2009ರ ರಾಷ್ಟ್ರೀಯ ನೀತಿಯು 2017ರೊಳಗೆ ಶೇಕಡಾ 20ರಷ್ಟು ಜೈವಿಕ ಇಂಧನ ಬೆರೆಸುವ ಗುರಿ ಇಟ್ಟಿತು. ಆದರೆ ಬರಡು ನೆಲದಲ್ಲಿ ನಿರೀಕ್ಷಿಸಿದ ಇಳುವರಿ ಬರಲಿಲ್ಲ. ಗಿಡ ಮತ್ತೆ ಬೇಲಿಗೇ ಮರಳಿತು.

ಶಿಕ್ಷಕರು ಅವಶ್ಯ ತಿಳಿಯಬೇಕಾದುದು ಬೇರೆಯೇ ಇದೆ. ಈ ಬೀಜದ ರುಚಿ ಸಿಹಿ. ಶೇಂಗಾ, ಬಾದಾಮಿಗಳಂತೆ ಭಾವಿಸಿ ಮಕ್ಕಳು ತಿಂದು ಆಸ್ಪತ್ರೆ ಸೇರಿದ ಪ್ರಸಂಗಗಳು ನಾಡಿನಲ್ಲಿ ಮತ್ತೆಮತ್ತೆ ನಡೆದಿವೆ. ಬೀಜದಲ್ಲಿರುವ ಕರ್ಸಿನ್ ಮತ್ತು ಫೋರ್ಬಾಲ್ ಎಸ್ಟರುಗಳು ವಿಷಕಾರಿ. ಎರಡನೆಯದು ಹುರಿದರೂ ನಾಶವಾಗದು. ವಾಂತಿ, ಹೊಟ್ಟೆನೋವು, ಭೇದಿ ಕೆಲವು ಗಂಟೆಗಳಲ್ಲೇ ತೋರುತ್ತವೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುತೇಕ ಮಕ್ಕಳು ಬೇಗನೆ ಚೇತರಿಸಿಕೊಳ್ಳುವರು. ಬಲವಂತವಾಗಿ ವಾಂತಿ ಮಾಡಿಸಲು ಹೋಗದೆ, ತಿಂದ ಬೀಜದ ಮಾದರಿಯೊಡನೆ ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎಲೆತೊಟ್ಟಿನ ರಸದಿಂದ ಗುಳ್ಳೆ ಊದುವ ಆಟ ಮಕ್ಕಳಿಗೆ ಬಲು ಪ್ರಿಯ. ಆ ರಸ ಬಾಯಿಗೂ ಕಣ್ಣಿಗೂ ತಾಗಬಾರದು.

ಹೊಲದ ಬದುವಿನಲ್ಲಿ ಈ ಗಿಡವಿರಲಿ. ಶಾಲೆಯ ಅಂಗಳದಲ್ಲಿದ್ದರೆ ಕಾಯಿ ಹಳದಿಯಾಗುವ ಮುನ್ನವೇ ಕಿತ್ತು ಹೂಳಿಸುವುದು ಕ್ಷೇಮ. ಹೊಸದಾಗಿ ಬೇಲಿ ಕಟ್ಟುವುದಾದರೆ ಮದರಂಗಿ ಸಾಕು.